ಕಂಬದ ಪಾಲು

ಮನೆ ಕೊಳ್ಳುವಾಗ ದಲ್ಲಾಳಿ ಹೇಳಿದ್ದ,
ಈ ಊರಲ್ಲಿ ತೆರಿಗೆ ಅನ್ನೋ ಮಾತೇ ಇಲ್ಲ ಮಾಸ್ಟರ್.
ನಿಜ. ಆ ಮಾತಿಲ್ಲ.
ಶುಲ್ಕ ಇದೆ, ಸರ್ವಿಸ್ ಚಾರ್ಜ್ ಇದೆ,
ಮುಂದೊಂದು ದಿನ ಲಿಫ್ಟ್ ಕೆಟ್ಟರೆ ಅಂತ ಒಂದು ನಿಧಿ ಇದೆ,
ನೀರಿನ ಬಿಲ್ಲಿನ ಬಾಲಕ್ಕೆ
ಉಣ್ಣಿಯಂತೆ ಕಚ್ಚಿಕೊಂಡದ್ದು ಇನ್ನೇನೋ ಇದೆ.

ಅಜ್ಮಾನ್, ಹದಿನಾಲ್ಕನೇ ಮಹಡಿ.
ಒಂದು ಕೋಣೆ, ಒಂದು ಹಾಲ್, ಕಡಲು ಕಾಣದ ಬಾಲ್ಕನಿ.
ಇಪ್ಪತ್ತಾರು ವರ್ಷ ಕಂದೂರ ಹೊಲಿದ ದುಡ್ಡು.
ಮೊದಲ ವರ್ಷ ಚದರಡಿಗೆ ಒಂಬತ್ತು ದಿರ್ಹಂ,
ಆಮೇಲೆ ಹನ್ನೊಂದು,
ಈ ಸಲ ಹದಿನಾಲ್ಕೂವರೆ. ಕೆಳಗೆ ಸಣ್ಣಕ್ಷರದಲ್ಲಿ:
ಮರು ಅಳತೆಯ ಪ್ರಕಾರ ನಿಮ್ಮ ಫ್ಲಾಟಿನ ವಿಸ್ತೀರ್ಣ
ಎಂಟುನೂರ ಹನ್ನೆರಡು.

ಖರೀದಿ ಪತ್ರದಲ್ಲಿ ಏಳುನೂರ ಎಂಬತ್ತು.
ನಾವು ಮಲಗಿದ್ದಾಗ ಮನೆಗೆ ದಿನ ತುಂಬುತ್ತಿತ್ತೇ?

ಬೇರೆ ವಿಷಯ ಬಿಡಿ,
ಅಳತೆಯಲ್ಲಿ ಯಾರೂ ನನಗೆ ಸುಳ್ಳು ಹೇಳಬಾರದು.
ಗಿರಾಕಿ ಉಸಿರು ಕಟ್ಟಿ ಹೊಟ್ಟೆ ಒಳಗೆಳೆದರೂ
ಬೆರಳಿಗೆ ಗೊತ್ತಾಗುತ್ತದೆ,
ಈದ್ ಮುಗಿದ ಮೇಲೆ ಎಷ್ಟು ಬಿಡಬೇಕೆಂದು.

ಶುಕ್ರವಾರ ಜುಮಾ ಮುಗಿಸಿ ಬಂದು ಮೊಣಕಾಲೂರಿದೆ.
ಟೇಪಿನ ಆ ತುದಿಯನ್ನು ನೆಬಿಸಾ
ಕಾಲ ಹೆಬ್ಬೆರಳಲ್ಲಿ ಒತ್ತಿ ಹಿಡಿದಳು,
ಕೈಯೆಲ್ಲ ಮೀನಾಗಿತ್ತು.
ಐದಡಿಯ ಟೇಪು. ಐದಡಿ, ಮತ್ತೆ ಐದಡಿ,
ಟೈಲ್ಸಿನ ಮೇಲೆ ಹೊಲಿಗೆಯ ಸೀಮೆಸುಣ್ಣದ ಗೀಟು.

ಬಾಲ್ಕನಿಯ ಮೂಲೆಯಲ್ಲಿ ಕಂಬ. ಎರಡಡಿಗೆ ಮೂರು.
ಅದರ ಮೇಲೆ ಫಿಲಿಪ್ಪೀನಿನ ಒಬ್ಬ ನರ್ಸು,
ಅವಳ ಮೇಲೆ ಇನ್ನೂ ಒಂಬತ್ತು ಸಂಸಾರ.
ಅದರೊಳಗೆ ನಾನೊಂದು ಸೂಜಿ ಇಡಲಾರೆ.
ಕಂಬದ ಪಾಲೂ ನನ್ನ ಲೆಕ್ಕಕ್ಕೆ,
ಗೋಡೆಯ ಹಿಂದೆ ಮುಚ್ಚಿಟ್ಟ ಎಸಿ ಗೂಡೂ ನನ್ನ ಲೆಕ್ಕಕ್ಕೆ.
ನನ್ನ ಮೊತ್ತ: ಏಳುನೂರ ಅರವತ್ತೆಂಟು.

ಮೇಲಿನ ಡಾಕ್ಟರಿಗೆ ಇದೇ ಟವರಿನಲ್ಲಿ ಆರು ಫ್ಲಾಟು.
ಲಿಫ್ಟಿನಲ್ಲಿ ಸಿಕ್ಕಿ ಬುದ್ಧಿ ಹೇಳಿದರು:
ಯಾಕೆ ತಲೆಬಿಸಿ, ಬಾಡಿಗೆಗೆ ಸೇರಿಸಿಬಿಡಿ.
ಸಾರ್, ನನ್ನ ಬಾಡಿಗೆದಾರ ನಾನೇ, ಎಂದೆ.
ಅವರ ಮಹಡಿ ಬಂತು.

ಸುಂಕದವನ ಮುಂದೆ ಸುಖದುಃಖ ಹೇಳಬಾರದಂತೆ.
ಹೇಳಲಿಲ್ಲ. ಅಳತೆ ಮಾತ್ರ ಬರೆದುಕೊಟ್ಟೆ.
ಆಕ್ಷೇಪಣೆಗೂ ಶುಲ್ಕವಿತ್ತು, ಮುನ್ನೂರು.
ಅರ್ಜಿಗೆ ಸಹಿ ಹಾಕುವಾಗ ನೆನಪಾಯಿತು
ಶಾಲೆಯಲ್ಲಿ ಕಲಿತ ನಾನಾರ್ಥ: ಕರ ಅಂದರೆ ತೆರಿಗೆ,
ಕರ ಅಂದರೆ ಕೈ.
ಗಂಗೊಳ್ಳಿಯ ಮೇಷ್ಟ್ರು ಅಂಗೈ ಚಾಚಿಸಿ
ಬೆತ್ತದಿಂದ ಕಲಿಸಿದ್ದು.

ನಲವತ್ತು ದಿನಕ್ಕೆ ಇದ್ರೀಸ್ ಬಂದ, ಸುಡಾನಿನವ,
ಶೂ ಬಾಗಿಲಲ್ಲೇ ಬಿಟ್ಟ.
ಬೆಂಕಿಪೊಟ್ಟಣದಷ್ಟು ಯಂತ್ರ, ಅದರಿಂದ ಕೆಂಪು ಚುಕ್ಕೆ.
ಚುಕ್ಕೆ ಗೋಡೆಯಲ್ಲಿ, ಕಂಬದಲ್ಲಿ,
ಒಮ್ಮೆ ನೆಬಿಸಾಳ ತಟ್ಟದಲ್ಲಿ ನಿಂತು ಹಾಗೇ ದಾಟಿತು.
ಏಳುನೂರ ಎಪ್ಪತ್ತೊಂದು, ಎಂದ.
ನನ್ನ ಟೇಪು ಕೈಗೆತ್ತಿಕೊಂಡು ಯಂತ್ರದ ಪಕ್ಕ ಹಿಡಿದು ನಕ್ಕ.
ಹಿಗ್ಗಿದೆ ಮಾಸ್ಟರ್. ಎಳೆದೂ ಎಳೆದೂ.

ಎಷ್ಟು ವರ್ಷದಿಂದ ಹಿಗ್ಗಿತ್ತೋ.
ಎಷ್ಟು ಎದೆ, ಎಷ್ಟು ತೋಳು, ಎಷ್ಟು ಮದುಮಗಂದಿರು.
ಯಾರೂ ವಾಪಸು ತರಲಿಲ್ಲ. ಯಾಕೆಂದರೆ
ಅದೇ ಟೇಪಲ್ಲಿ ಅಳೆದು ಅದೇ ಟೇಪಲ್ಲಿ ಕತ್ತರಿಸಿದರೆ
ತಪ್ಪೂ ಮೈಗೆ ಸರಿಯಾಗಿ ಕೂರುತ್ತದೆ.
ಇವರಲ್ಲಿ ಮಾರುವಾಗ ಒಂದು ಟೇಪು,
ವಸೂಲಿಗೆ ಇನ್ನೊಂದು.

ಕಾಗದ ಬಂತು. ವರ್ಷಕ್ಕೆ ಐನೂರ ತೊಂಬತ್ನಾಲ್ಕೂವರೆ ಇಳಿದಿದೆ.
ಹದಿನಾಲ್ಕೂವರೆ ದರ ಹಾಗೇ ಇದೆ, ಅದರ ಸುದ್ದಿಯೇ ಇಲ್ಲ.
ಗೆದ್ದೆವು ಎಂದೆ.
ನೆಬಿಸಾ ಬೆರಳು ಮಡಚುತ್ತಿದ್ದಳು.
ಏಳುನೂರ ಎಂಬತ್ತಕ್ಕಲ್ಲವಾ ದುಡ್ಡು ಕೊಟ್ಟದ್ದು?
ಹಾಗಾದರೆ ಒಂಬತ್ತು ಚದರಡಿ ಎಲ್ಲಿ?

ಒಂದು ಮುಸಲ್ಲಾ ಹಾಸುವಷ್ಟು ಜಾಗ.
ಸೀಮೆಸುಣ್ಣದ ಗೀಟುಗಳನ್ನು
ಅವಳಿನ್ನೂ ಒರೆಸಿಲ್ಲ.